ಯಾರೂ ಬಿಚ್ಚದ ಮಸಲ್ ಕಾರನ್ನು ಎಷ್ಟು ಮುಟ್ಟಬೇಕು? ನಾಲ್ಕು ದಾರಿಗಳ ಹೋಲಿಕೆ

"1968ರ ಪಾಂಟಿಯಾಕ್ ಜಿಟಿಒ ಮನೆಗೆ ಬಂದಿದೆ. ಮೊದಲ ಮಾಲೀಕರ ಮಗಳಿಂದ ಕೊಂಡೆ. ಬಣ್ಣ ಕಾರ್ಖಾನೆಯದೇ, ಸೀಟು ಎಲ್ಲೂ ಹರಿದಿಲ್ಲ, ಎಂಜಿನ್ನನ್ನು ಯಾರೂ ಬಿಚ್ಚಿಲ್ಲ. ಈಗ ಇದಕ್ಕೆ ಏನು ಮಾಡಿಸಲಿ?" ಮಿಷಿಗನ್‌ನ ಈ ಚಳಿಗಾಲದಲ್ಲಿ ಇಬ್ಬರು ಕನ್ನಡಿಗ ಗೆಳೆಯರು ನನಗೆ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ಕೇಳಿದರು. ಇಬ್ಬರಿಗೂ ಸಲಹೆಗಳ ಕೊರತೆ ಇರಲಿಲ್ಲ. ಬಣ್ಣ ಹೊಡೆಸಿ ಫಳಫಳ ಮಾಡಿಸು ಎಂದು ಒಬ್ಬರು ಹೇಳಿದರೆ, ಕಾರ್ಬ್ಯುರೇಟರ್ ಕಿತ್ತು ಫ್ಯುಯಲ್ ಇಂಜೆಕ್ಷನ್ ಹಾಕಿಸು ಎಂದು ಇನ್ನೊಬ್ಬರು. ಬೋಲ್ಟ್ ಕೂಡ ಮುಟ್ಟಬೇಡ ಎಂದವರು ಮೂರನೆಯವರು. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಆ ಕಾರು, ಅದರ ಮಾಲೀಕ, ಅವರ ಜೇಬು ಈ ಮೂರನ್ನೂ ನೋಡದೆ ಕೊಟ್ಟ ಸಲಹೆಗಳು ಅವು.

ನನ್ನ ಬಳಿಯೂ ಅದೇ ವರ್ಷದ ಅದೇ ಕಾರು ಒಂಬತ್ತು ವರ್ಷಗಳಿಂದ ಇದೆ. ಕೆಲವನ್ನು ಸರಿಯಾಗಿ ಮಾಡಿಸಿದ್ದೇನೆ, ಒಂದನ್ನು ಸರಿಪಡಿಸಲಾಗದಂತೆ ಕೆಡಿಸಿಕೊಂಡಿದ್ದೇನೆ. ಆ ಅನುಭವವನ್ನು ಮುಂದಿಟ್ಟುಕೊಂಡು ನಾಲ್ಕು ದಾರಿಗಳನ್ನು ಇಲ್ಲಿ ತೂಗಿದ್ದೇನೆ. ಉದಾಹರಣೆಗಳು ಜಿಟಿಒದವು. ಆದರೆ ಶೆವೆಲ್, ಮಸ್ಟಾಂಗ್, ಚಾರ್ಜರ್‌ನಂಥ ಬೇರೆ ಮಸಲ್ ಕಾರುಗಳನ್ನು, ಅಂದರೆ ಸಾಮಾನ್ಯ ಕಾರಿನ ಮೈಯಲ್ಲಿ ದೊಡ್ಡ, ಬಲವಾದ ಎಂಜಿನ್ ಕೂರಿಸಿದ ಅಮೆರಿಕದ ಹಳೆಯ ಕಾರುಗಳನ್ನು, ಇಟ್ಟುಕೊಂಡವರಿಗೂ ತರ್ಕ ಇದೇ.

ಈ ಕಾರು ಅಪರೂಪದ್ದಲ್ಲ ಎಂಬುದು ಮೊದಲು ತಿಳಿದಿರಲಿ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದು ಎಂದು ಜನರಲ್ ಮೋಟರ್ಸ್ ಕಟ್ಟುಪಾಡು ಹಾಕಿಕೊಂಡಿದ್ದ ಕಾಲದಲ್ಲಿ ಪಾಂಟಿಯಾಕ್ ವಿಭಾಗದವರು ಒಂದು ಉಪಾಯ ಹೂಡಿದರು. 1964ರ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ನನ್ನು ಹೊಸ ಮಾದರಿ ಎನ್ನದೆ, ಹೆಚ್ಚುವರಿ ಹಣ ಕೊಟ್ಟು ಪಡೆಯುವ ಒಂದು ಆಯ್ಕೆ ಎಂದು ಕೊಟ್ಟರು. ಜಿಟಿಒ ಹುಟ್ಟಿದ್ದು ಹಾಗೆ. 1968ರಲ್ಲಿ ಮೈಕಟ್ಟು ಪೂರ್ತಿ ಬದಲಾಯಿತು. 400 ಘನ ಇಂಚು, ಅಂದರೆ ಸುಮಾರು 6.6 ಲೀಟರಿನ ಎಂಜಿನ್, 350 ಹಾರ್ಸ್‌ಪವರ್, ಮುಂದೆ ಕ್ರೋಮ್ ಬಂಪರಿನ ಬದಲು ಮೈಬಣ್ಣದ್ದೇ ಆದ, ಎಂಡ್ಯೂರಾ ಎಂಬ ಬಾಗುವ ವಸ್ತುವಿನ ಮೂತಿ. ಆ ಒಂದೇ ವರ್ಷ 87,684 ಕಾರುಗಳು ತಯಾರಾದವು. ಅವುಗಳಲ್ಲಿ ಎಷ್ಟೋ ರಸ್ತೆಯ ಉಪ್ಪಿಗೆ ಕರಗಿದವು, ಎಷ್ಟೋ ಪಂದ್ಯಕ್ಕೆ ಬಲಿಯಾದವು, ಉಳಿದವುಗಳಲ್ಲಿ ಹೆಚ್ಚಿನವನ್ನು ಬಿಚ್ಚಿ, ಉಜ್ಜಿ, ಬಣ್ಣ ಹೊಡೆದು ಹೊಸದು ಮಾಡಿದರು. ಹೀಗಾಗಿ ಜಿಟಿಒ ಹುಡುಕಿದರೆ ಸಿಗುತ್ತದೆ, ಯಾರೂ ಬಿಚ್ಚದ ಜಿಟಿಒ ಸುಲಭಕ್ಕೆ ಸಿಗುವುದಿಲ್ಲ.

ತೂಗುವ ಮೊದಲು ತಕ್ಕಡಿ

ನಾಲ್ಕೈದು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಯಾವ ವರ್ಕ್‌ಶಾಪಿನ ಬಾಗಿಲನ್ನೂ ತಟ್ಟಬೇಡಿ.

ಎಲ್ಲಕ್ಕಿಂತ ದೊಡ್ಡದು ಇದು: ಈಗ ಮಾಡುವ ಕೆಲಸದಿಂದ ಹಿಂದಕ್ಕೆ ಬರಲು ದಾರಿ ಇದೆಯೇ? ಟೈರ್ ಬದಲಿಸಿದರೆ ನಾಳೆ ಹಳೆಯ ಮಾದರಿಯದನ್ನೇ ಹಾಕಬಹುದು. ಬಣ್ಣ ಕೆರೆದರೆ ಕಾರ್ಖಾನೆಯ ಬಣ್ಣ ಮತ್ತೆ ಬರುವುದಿಲ್ಲ. ನಮ್ಮ ಊರುಗಳಲ್ಲಿ ದೇವಸ್ಥಾನದ ಶಾಸನದ ಕಲ್ಲಿಗೆ ಭಕ್ತಿಯಿಂದಲೇ ಸುಣ್ಣ ಬಳಿದಿರುತ್ತಾರೆ. ಬಳಿದವರ ಮನಸ್ಸು ಒಳ್ಳೆಯದೇ ಇರುತ್ತದೆ, ಅಕ್ಷರ ಮಾತ್ರ ಮುಚ್ಚಿಹೋಗಿರುತ್ತದೆ. ಹಳೆಯ ಕಾರೂ ಒಂದು ದಾಖಲೆಯೇ. 1968ರಲ್ಲಿ ಕೆಲಸಗಾರರು ಬಣ್ಣವನ್ನು ಎಷ್ಟು ತೆಳ್ಳಗೆ ಹೊಡೆಯುತ್ತಿದ್ದರು, ಯಾವ ಬೋಲ್ಟಿಗೆ ಯಾವ ಲೇಪ ಇತ್ತು, ಪರೀಕ್ಷಕರು ಆ್ಯಕ್ಸಲಿನ ಮೇಲೆ ಯಾವ ಬಣ್ಣದ ಗುರುತು ಹಾಕಿದ್ದರು ಎಂಬುದೆಲ್ಲ ಇಂಥ ಕಾರಿನ ಮೈಮೇಲೆ ಮಾತ್ರ ಉಳಿದಿದೆ.

ಎರಡನೆಯದು ಜೀವ. ಬ್ರೇಕ್, ಸ್ಟಿಯರಿಂಗ್, ಟೈರ್, ಪೆಟ್ರೋಲ್ ಪೈಪು ಈ ನಾಲ್ಕರ ವಿಷಯದಲ್ಲಿ ಮೂಲ ಸ್ಥಿತಿಯ ಮೋಹ ಎರಡನೆಯ ಸ್ಥಾನಕ್ಕೆ ಹೋಗಬೇಕು. ಇದರಲ್ಲಿ ನನಗೆ ರಾಜಿಯಿಲ್ಲ.

ಮೂರನೆಯದು ಬಳಕೆ. ವರ್ಷಕ್ಕೆ ನಾಲ್ಕು ಭಾನುವಾರ ಹೊರತೆಗೆಯುತ್ತೀರೋ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುತ್ತೀರೋ? ನಾಲ್ಕನೆಯದು ಹಣ: ಮಾಡಿಸುವ ದಿನದ ಖರ್ಚು ಮಾತ್ರವಲ್ಲ, ಆಮೇಲೆ ಕಾರಿನ ಬೆಲೆಯಲ್ಲಿ ಆಗುವ ಏರುಪೇರೂ ಲೆಕ್ಕಕ್ಕೆ ಸೇರಬೇಕು.

ಐದನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ನಿಮ್ಮ ಕಾರು ನಿಜವಾಗಿಯೂ ಎಷ್ಟು ಮೂಲದ್ದು? ಮಾರಿದವರ ಮಾತನ್ನು ನಂಬಿ ಕೂರಬೇಡಿ. ಪಾಂಟಿಯಾಕ್ ಇಟ್ಟುಕೊಂಡವರು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್‌ಗೆ ಬರೆದರೆ ಆ ಕಾರು ಕಾರ್ಖಾನೆಯಿಂದ ಏನೇನು ಹೊತ್ತು ಹೊರಟಿತು ಎಂಬ ದಾಖಲೆಯ ಪ್ರತಿ ಸಿಗುತ್ತದೆ. 1967ರಿಂದ ಈಚಿನ ಫೋರ್ಡ್‌ಗಳಿಗೆ ಇಂಥದೇ ದಾಖಲೆಯಾದ ಮಾರ್ಟಿ ವರದಿ ಇದೆ. ಶೆವ್ರೊಲೆಯವರಿಗೆ ಇಷ್ಟು ಸಲೀಸಿಲ್ಲ, ಸೀಟಿನ ಸ್ಪ್ರಿಂಗಿನ ನಡುವೆಯೋ ಪೆಟ್ರೋಲ್ ಟ್ಯಾಂಕಿನ ಮೇಲೆಯೋ ಕಾರ್ಖಾನೆಯವರು ಬಿಟ್ಟ ಬಿಲ್ಡ್ ಶೀಟ್ (ಆ ಕಾರಿಗೆ ಏನೇನು ಹಾಕಬೇಕೆಂದು ಬರೆದ ಹಾಳೆ) ಸಿಕ್ಕರೆ ಅದೇ ಪುಣ್ಯ.

ಕಾಗದದ ಜೊತೆಗೆ ಲೋಹವನ್ನೂ ಓದಿ. 1968ರ ಜಿಟಿಒ ಹಾರ್ಡ್‌ಟಾಪ್ (ಗಟ್ಟಿ ಛಾವಣಿಯದು) ಆಗಿದ್ದರೆ ಕಾರಿನ ಸಂಖ್ಯೆ 242378 ಎಂದು ಆರಂಭವಾಗಬೇಕು. ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಪ್ರಯಾಣಿಕರ ಬದಿಗೆ, ಎರಡಕ್ಷರದ ಸಂಕೇತ ಇರುತ್ತದೆ. 350 ಹಾರ್ಸ್‌ಪವರಿನ ಮ್ಯಾನ್ಯುವಲ್ ಗೇರಿನ ಕಾರಿಗೆ ಡಬ್ಲ್ಯುಟಿ, ಆಟೊಮ್ಯಾಟಿಕ್ ಆದರೆ ವೈಎಸ್. 1968ರಿಂದ ಕಾರಿನ ಸಂಖ್ಯೆಯ ಒಂದು ಭಾಗವನ್ನೂ ಬ್ಲಾಕಿನ ಮೇಲೆ ಒತ್ತಿರುತ್ತಾರೆ. ಎರಕದ ದಿನಾಂಕದಲ್ಲಿ ತಿಂಗಳಿಗೆ ಒಂದು ಅಕ್ಷರ, ಆಮೇಲೆ ದಿನ, ಕೊನೆಗೆ ವರ್ಷದ ಒಂದಂಕಿ: ಎ228 ಎಂದಿದ್ದರೆ 1968ರ ಜನವರಿ 22. ಎರಕದ ದಿನ ಕಾರು ತಯಾರಾದ ದಿನಕ್ಕಿಂತ ಹಿಂದಿನದಾಗಿರಬೇಕು. ಮುಂದಿನದಾಗಿದ್ದರೆ ಎಂಜಿನ್ ಬೇರೆ ಕಾರಿನದು. ಬಣ್ಣದ ದಪ್ಪ ಅಳೆಯುವ ಮೀಟರನ್ನು ಒಂದು ದಿನದ ಮಟ್ಟಿಗೆ ಸಾಲ ಪಡೆಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದು ಬಾಗಿಲು ಮಾತ್ರ 300 ತೋರಿಸಿದರೆ ಆ ಬಾಗಿಲಿಗೆ ಇನ್ನೊಂದು ಕಥೆ ಇದೆ ಎಂದರ್ಥ.

ಈ ಪರೀಕ್ಷೆಯ ಫಲವೇ ಅರ್ಧ ನಿರ್ಧಾರ. ಬಣ್ಣ ಎರಡನೆಯದು, ಎಂಜಿನ್ ಬದಲಾಗಿದೆ ಎಂದು ಗೊತ್ತಾದರೆ ನಿಮಗೆ ಬಹಳ ಸ್ವಾತಂತ್ರ್ಯ ಸಿಗುತ್ತದೆ. ಎಲ್ಲವೂ ಹೊಂದಿಬಂದರೆ ಹೊಣೆ ಹೆಚ್ಚುತ್ತದೆ.

ಮೊದಲ ದಾರಿ: ಇದ್ದಂತೆಯೇ ಕಾಪಾಡುವುದು

ತೊಳೆಯುವುದು, ಒರೆಸುವುದು, ಒಣಗಿಸುವುದು, ಮುಚ್ಚಿಡುವುದು. ಏನನ್ನೂ ಬದಲಿಸುವುದಿಲ್ಲ. ಕಡಿಮೆ ಹಣ, ಹೆಚ್ಚು ತಾಳ್ಮೆ ಬೇಡುವ ದಾರಿ ಇದು. ಅಜ್ಜಿಯ ಇಳಕಲ್ ಸೀರೆಯನ್ನು ವರ್ಷಕ್ಕೊಮ್ಮೆ ಬಿಡಿಸಿ, ನೆರಳಿನಲ್ಲಿ ಹರಡಿ, ಮಡಿಕೆ ಬದಲಿಸಿ ಇಡುವ ಬಗೆ.

ಬಣ್ಣದ ಬಗ್ಗೆ ಇಲ್ಲಿ ಎಚ್ಚರ ಬೇಕು. ಆ ಕಾಲದ ಜನರಲ್ ಮೋಟರ್ಸ್ ಕಾರುಗಳಿಗೆ ಹೊಡೆದಿದ್ದು ಅಕ್ರಿಲಿಕ್ ಲ್ಯಾಕರ್. ಅದರ ಮೇಲೆ ಇಂದಿನ ಕಾರುಗಳಂತೆ ಪಾರದರ್ಶಕ ಪದರ ಇಲ್ಲ. ಪಾಲಿಶ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಬರುವುದು ಕೊಳೆಯಲ್ಲ, ಬಣ್ಣವೇ. ನಾನು ಕಾರು ಕೊಂಡ ಮೊದಲ ಬೇಸಿಗೆಯಲ್ಲಿ ಒಂದು ಅಂಗಡಿಯವರಿಗೆ ಹೊಳಪು ಕೊಡಲು ಒಪ್ಪಿಸಿದೆ. ಯಂತ್ರದಿಂದ ಉಜ್ಜಿ ಕನ್ನಡಿಯಂತೆ ಮಾಡಿ ಕೊಟ್ಟರು. ಮನೆಗೆ ಬಂದು ಬೆಳಕಿನಲ್ಲಿ ನೋಡಿದರೆ ಎಡ ಫೆಂಡರಿನ ಏಣಿನ ಮೇಲೆ ಬೆರಳುದ್ದಕ್ಕೆ ಪ್ರೈಮರ್ ಇಣುಕುತ್ತಿತ್ತು. ಏಣುಗಳಲ್ಲಿ ಬಣ್ಣ ಎಲ್ಲಕ್ಕಿಂತ ತೆಳ್ಳಗಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಅವರೂ ಯೋಚಿಸಲಿಲ್ಲ. ಐವತ್ತು ವರ್ಷ ಉಳಿದಿದ್ದ ಬಣ್ಣ ಒಂದು ಮಧ್ಯಾಹ್ನದಲ್ಲಿ ಹೋಯಿತು. ಇಂದಿಗೂ ಅಲ್ಲಿ ಕೈಯಾಡಿಸಿದಾಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಆದ್ದರಿಂದ ಹೇಳುತ್ತೇನೆ: ಕೈಯಿಂದ ಉಜ್ಜಿ, ಏಣುಗಳಿಗೆ ಟೇಪ್ ಅಂಟಿಸಿ, ಬಾನೆಟ್ಟಿನ ಮೂಲೆಯಲ್ಲಿ ಅಂಗೈಯಗಲ ಮಾಡಿ ನೋಡಿ, ಸಾಕೆನಿಸಿದಲ್ಲಿ ನಿಲ್ಲಿಸಿ. ಪೂರ್ತಿ ಹೊಳೆಯಲೇಬೇಕೆಂದಿಲ್ಲ.

ಎಂಜಿನ್ ಕೋಣೆಗೆ ಜೋರು ನೀರು ಬಿಡುವುದಂತೂ ಬೇಡವೇ ಬೇಡ. ಎಂಜಿನ್ ಕೋಣೆಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್ ಮೇಲೆ ಮೇಣದ ಕಡ್ಡಿಯಲ್ಲಿ ಬರೆದ ಅಂಕಿ, ಸ್ಟಿಯರಿಂಗ್ ಕೀಲುಗಳ ಮೇಲಿನ ಬಣ್ಣದ ಚುಕ್ಕೆ ಇವೆಲ್ಲ ಕಾರ್ಖಾನೆಯ ಕೆಲಸಗಾರರ ಕೈಬರಹ. ಗ್ರೀಸ್ ಕರಗಿಸುವ ದ್ರಾವಣ ಅವನ್ನು ಒಂದೇ ಸಲಕ್ಕೆ ಅಳಿಸಿಬಿಡುತ್ತದೆ. ಮೊದಲು ಫೋಟೊ ತೆಗೆಯಿರಿ, ಆಮೇಲೆ ಮೆತ್ತನೆಯ ಬ್ರಷ್ ಹಿಡಿಯಿರಿ.

ಈ ದಾರಿ ಯಾರಿಗೆ? ಕಾರನ್ನು ಪ್ರದರ್ಶನಕ್ಕೆ ಒಯ್ಯುವ ಆಸೆಯಿದ್ದು, ಓಡಿಸುವ ಆಸೆ ಕಡಿಮೆ ಇದ್ದವರಿಗೆ. ಆ್ಯಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕದವರು ಮೂಲ ಲಕ್ಷಣ ಉಳಿಸಿಕೊಂಡ ಕಾರುಗಳಿಗೇ ಪ್ರತ್ಯೇಕ ವರ್ಗ ಇಟ್ಟಿದ್ದಾರೆ. ಷಿಕಾಗೊ ಬಳಿಯ ರೋಸ್‌ಮಾಂಟ್‌ನಲ್ಲಿ ಪ್ರತಿ ನವೆಂಬರಿನಲ್ಲಿ ನಡೆಯುವ ಮಸಲ್ ಕಾರುಗಳ ದೊಡ್ಡ ಮೇಳದಲ್ಲೂ ಇಂಥವಕ್ಕೆ ಮನ್ನಣೆ ಇದೆ. ಆದರೆ ಒಂದು ಮಾತು. ನಿಂತ ಕಾರು ಸುರಕ್ಷಿತ ಎಂದು ತಿಳಿಯಬೇಡಿ. ಸೀಲುಗಳು ಒಣಗಿ ಬಿರಿಯುತ್ತವೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಒಳಗಿನಿಂದ ತುಕ್ಕು ಹಿಡಿಸುತ್ತದೆ, ಸೀಟಿನೊಳಗೆ ಇಲಿ ಮನೆ ಮಾಡುತ್ತದೆ. ಮುಟ್ಟುವುದಿಲ್ಲ ಎಂಬ ವ್ರತ ಹಿಡಿದು ಹಳೆಯ ಬ್ರೇಕ್ ಪೈಪಿನಲ್ಲೇ ರಸ್ತೆಗಿಳಿಯುವುದು ಕಾರಿಗೂ ಎದುರು ಬರುವವರಿಗೂ ಮಾಡುವ ಅನ್ಯಾಯ.

ಎರಡನೆಯ ದಾರಿ: ಹೊರಗನ್ನು ಬಿಟ್ಟು ಒಳಗನ್ನು ಸರಿಪಡಿಸುವುದು

ನನ್ನ ಮನಸ್ಸು ಇರುವುದು ಇಲ್ಲಿ. ಬಣ್ಣ, ಸೀಟು, ಕ್ರೋಮ್ ಇದ್ದಂತೆ ಇರಲಿ. ಓಡುವ, ನಿಲ್ಲುವ, ತಣ್ಣಗಾಗುವ ಭಾಗಗಳನ್ನು ಮಾತ್ರ ಬಿಚ್ಚಿ, ಅದೇ ಭಾಗವನ್ನೇ ರಿಪೇರಿ ಮಾಡಿ ಮರಳಿ ಕೂರಿಸುವುದು.

ಬ್ರೇಕಿನಿಂದ ಶುರು ಮಾಡಿ. 1967ರಿಂದ ಈ ಕಾರುಗಳಿಗೆ ಮುಂದಿನ ಹಿಂದಿನ ಬ್ರೇಕಿಗೆ ಬೇರೆ ಬೇರೆ ಹಾದಿ ಇರುವ ಮಾಸ್ಟರ್ ಸಿಲಿಂಡರ್ ಬಂತು. ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. 1964ರಿಂದ 66ರವರೆಗಿನ ಕಾರಿನಲ್ಲಿ ಒಂದೇ ಹಾದಿ, ಎಲ್ಲೋ ಒಂದು ಪೈಪು ಒಡೆದರೆ ಪೆಡಲ್ ನೇರ ನೆಲಕ್ಕೆ. ಆ ವರ್ಷಗಳ ಕಾರು ನಿಮ್ಮದಾಗಿದ್ದು ಅದನ್ನು ಓಡಿಸುವಿರಾದರೆ ಎರಡು ಹಾದಿಯ ಸಿಲಿಂಡರಿಗೆ ಬದಲಾಯಿಸಿಕೊಳ್ಳಿ, ಹಳೆಯದನ್ನು ಪೆಟ್ಟಿಗೆಯಲ್ಲಿಡಿ. ರಬ್ಬರ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತವೆ. ಅವನ್ನು ಯೋಚಿಸದೆ ಬದಲಿಸಿ.

ಆಮೇಲೆ ಪೆಟ್ರೋಲ್. ಇಂದಿನ ಪಂಪುಗಳಲ್ಲಿ ಸಿಗುವುದು ಹೆಚ್ಚಾಗಿ ಶೇಕಡ 10ರವರೆಗೆ ಎಥನಾಲ್ ಬೆರೆತದ್ದು. 1968ರ ರಬ್ಬರಿಗೆ ಅದರ ಪರಿಚಯವಿಲ್ಲ. ಪೈಪು, ಪಂಪಿನ ಒಳಪೊರೆ, ಕಾರ್ಬ್ಯುರೇಟರಿನ ಆಕ್ಸಲರೇಟರ್ ಪಂಪಿನ ಬಟ್ಟಲು ಎಲ್ಲವೂ ಮೆತ್ತಗಾಗಿ ಕೆಡುತ್ತವೆ. ಎಥನಾಲ್ ತಡೆಯುವ ಕಿಟ್ ಹತ್ತಾರು ಡಾಲರಿಗೆ ಸಿಗುತ್ತದೆ. ಜಿಟಿಒದ ರಾಚೆಸ್ಟರ್ ಕ್ವಾಡ್ರಾಜೆಟ್ ಒಳ್ಳೆಯ ಕಾರ್ಬ್ಯುರೇಟರ್, ಅದರ ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಅರೆಬರೆ ರಿಪೇರಿ ಮಾಡಿದವರ ತಪ್ಪು. ಎರಡು ದಿನ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗಲು ತಡವಾದರೆ ತಳದ ಚಿಕ್ಕ ಬಿರಡೆಗಳು ಸೋರಿ ಪೆಟ್ರೋಲ್ ಕೆಳಗಿಳಿದಿರಬಹುದು. ಎಪಾಕ್ಸಿ ಹಚ್ಚಿದರೆ ಮುಗಿಯುವ ಕೆಲಸಕ್ಕೆ ಕಾರ್ಬ್ಯುರೇಟರನ್ನೇ ಎಸೆದವರಿದ್ದಾರೆ. ಅದರ ಮೈಮೇಲೆ ಸಂಖ್ಯೆ ಇದೆ, ಆ ಸಂಖ್ಯೆ ನಿಮ್ಮ ಕಾರಿಗೆ ಸೇರಿದ್ದು. ಎಸೆಯಬೇಡಿ.

ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ, ಮಾಡಿಸದಿದ್ದರೆ ಎಂಜಿನ್ನೇ ಹೋಗಬಹುದು. ಆ ಕಾಲದಲ್ಲಿ ಸದ್ದು ಕಡಿಮೆ ಮಾಡಲು ಕ್ಯಾಮ್‌ಶಾಫ್ಟಿನ (ವಾಲ್ವುಗಳನ್ನು ತೆರೆಯುವ ದಂಡದ) ಟೈಮಿಂಗ್ ಗೇರಿಗೆ ಅಲ್ಯೂಮಿನಿಯಂ ಮೇಲೆ ನೈಲಾನ್ ಹಲ್ಲು ಕೂರಿಸಿದ್ದರು. ದಶಕಗಳ ಬಿಸಿಗೆ ನೈಲಾನ್ ಗಾಜಿನಂತೆ ಪೆಡಸಾಗುತ್ತದೆ. ಹಲ್ಲು ಮುರಿದು ತಳದ ಆಯಿಲ್ ತಟ್ಟೆಗೆ ಬೀಳುತ್ತದೆ, ಆಯಿಲ್ ಹೀರುವ ಜಾಲರಿ ಕಟ್ಟಿಕೊಳ್ಳುತ್ತದೆ, ಸರಪಳಿ ಜಾರುತ್ತದೆ. ಕಾರು ಕಡಿಮೆ ಓಡಿದೆ ಎಂಬುದು ಇಲ್ಲಿ ಸಮಾಧಾನವಲ್ಲ, ನೈಲಾನಿಗೆ ವಯಸ್ಸಾಗುವುದು ಮೈಲಿಯಿಂದ ಮಾತ್ರವಲ್ಲ. ಲೋಹದ ಹಲ್ಲಿನ ಗೇರ್ ಹಾಕಿಸಿ. ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಇದೊಂದನ್ನು ಮಾತ್ರ ನಾನು ಎಲ್ಲ ದಾರಿಯವರಿಗೂ ಹೇಳುತ್ತೇನೆ.

ಎಂಜಿನ್ ಆಯಿಲಿನ ಆಯ್ಕೆಯೂ ಇಲ್ಲೇ ಬರುತ್ತದೆ. ಈ ಎಂಜಿನ್ನುಗಳ ಕ್ಯಾಮ್‌ಶಾಫ್ಟ್ ಚಪ್ಪಟೆ ಟ್ಯಾಪೆಟ್ಟುಗಳ ಮೇಲೆ ಉಜ್ಜಿಕೊಂಡು ತಿರುಗುತ್ತದೆ, ಅದಕ್ಕೆ ಸತು ಮತ್ತು ರಂಜಕ ಸೇರಿದ ಸವೆತ ತಡೆಯುವ ಅಂಶ ಹೆಚ್ಚು ಬೇಕು. ಇಂದಿನ ಕಾರಿನ ಆಯಿಲುಗಳಲ್ಲಿ ಅದನ್ನು ತಗ್ಗಿಸಿದ್ದಾರೆ. ಹಳೆಯ ಕಾರುಗಳಿಗೆಂದೇ ಮಾಡಿದ ಆಯಿಲ್ ಕೊಳ್ಳಿ.

ಇನ್ನು ಆಕ್ಟೇನ್, ಅಂದರೆ ಒತ್ತಡದಲ್ಲಿ ಹೊತ್ತಿಗೆ ಮುನ್ನ ಉರಿಯದಿರುವ ಪೆಟ್ರೋಲಿನ ಗುಣ. ಪೆಟ್ರೋಲ್ ಗಾಳಿಯ ಮಿಶ್ರಣವನ್ನು 10.75:1 ಅನುಪಾತದಲ್ಲಿ ಒತ್ತುವ ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿಗೆ ಹುಟ್ಟಿದ್ದು. ಇಂದಿನ 93 ಆಕ್ಟೇನಿನ ಪ್ರೀಮಿಯಂ ಹಾಕಿದರೂ ಏರು ಹತ್ತುವಾಗ ಕಟಕಟ ಎನ್ನಬಹುದು. ಸಿಲಿಂಡರ್ ಹೆಡ್ ಬದಲಿಸಿ ಒತ್ತಡ ಇಳಿಸಿ ಎನ್ನುವವರ ಮಾತಿಗೆ ಕಿವಿಗೊಡುವ ಮೊದಲು ಇಗ್ನಿಷನ್ ಟೈಮಿಂಗನ್ನು ಎರಡು ಮೂರು ಡಿಗ್ರಿ ಹಿಂದಕ್ಕೆ ತಂದು ನೋಡಿ. ಸ್ವಲ್ಪ ಶಕ್ತಿ ಹೋಗುತ್ತದೆ, ಎಂಜಿನ್ ಉಳಿಯುತ್ತದೆ, ಬೇಕೆಂದಾಗ ಮರಳಿ ತಿರುಗಿಸಿಕೊಳ್ಳಬಹುದು. ಸೀಸವಿಲ್ಲದ ಪೆಟ್ರೋಲಿನಿಂದ ವಾಲ್ವ್ ಸೀಟು ಸವೆಯುತ್ತದೆಂಬ ಭಯಕ್ಕೂ ಅವಸರದ ಕೆಲಸ ಬೇಡ. ಮೆಲ್ಲಗೆ, ಕಡಿಮೆ ದೂರ ಓಡಿಸುವವರು ಅದೊಂದಕ್ಕಾಗಿ ಯಾರೂ ಬಿಚ್ಚದ ಎಂಜಿನ್ ಬಿಚ್ಚಬೇಕಿಲ್ಲ.

ಈ ದಾರಿಯ ಕಷ್ಟ ಸಮಯ ಮತ್ತು ಕೈಕೆಲಸದವರು. ಮೂಲ ಮಾಸ್ಟರ್ ಸಿಲಿಂಡರಿಗೆ ಒಳಗವಸು ಹಾಕಿಸಲು ಕಳಿಸಿದರೆ ವಾರಗಟ್ಟಲೆ ಕಾಯಬೇಕು, ಹೊಸದು ಕೊಳ್ಳುವುದಕ್ಕಿಂತ ಹೆಚ್ಚು ಖರ್ಚು. ರೇಡಿಯೇಟರಿನ ಹಿತ್ತಾಳೆಯ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಜಾಲ ಮಾತ್ರ ಹೊಸದು ಮಾಡುವ ಅಂಗಡಿಗಳೂ ಕಡಿಮೆಯಾಗುತ್ತಿವೆ. ನಾನು ಇಟ್ಟುಕೊಂಡ ನಿಯಮ ಸರಳ: ಭಾಗದ ಮೇಲೆ ದಿನಾಂಕ ಅಥವಾ ಸಂಖ್ಯೆ ಇದ್ದರೆ ಅದನ್ನೇ ರಿಪೇರಿ ಮಾಡಿಸುತ್ತೇನೆ, ಇಲ್ಲದಿದ್ದರೆ ಹೊಸದು ಹಾಕಿ ಹಳೆಯದಕ್ಕೆ ಚೀಟಿ ಕಟ್ಟಿ ಎತ್ತಿಡುತ್ತೇನೆ. ಎಲ್ಲ ಸೇರಿ ಕೆಲವು ಸಾವಿರ ಡಾಲರ್ ಆಗುತ್ತದೆ. ಸ್ವಂತ ಕೈಯಿಂದ ಮಾಡಬಲ್ಲವರಿಗೆ ಗಣನೀಯವಾಗಿ ಕಡಿಮೆ, ಒಂದೇ ಸಲ ಮಾಡಬೇಕೆಂದೂ ಇಲ್ಲ.

ಮೂರನೆಯ ದಾರಿ: ಬಿಚ್ಚಿ ತೆಗೆಯಬಹುದಾದ ಹೊಸತನ

ಕಾರನ್ನು ನಿಜವಾಗಿಯೂ ಬಳಸುವವರಿಗೆ ಈ ದಾರಿ. ಇಲ್ಲಿ ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯುವುದು ಸುಲಭ: ಡ್ರಿಲ್, ಗರಗಸ, ವೆಲ್ಡಿಂಗ್ ಈ ಮೂರರಲ್ಲಿ ಒಂದು ಬೇಕಾದರೂ ಆ ಕೆಲಸ ಗೆರೆಯಾಚೆಗಿನದು.

ಗೆರೆಯೊಳಗೆ ಬರುವ ಒಳ್ಳೆಯ ಬದಲಾವಣೆಗಳಿವೆ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಅಡಗುವ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ಟಿನಿಂದ ಪಾಯಿಂಟ್ (ಕಿಡಿ ಹಾರಿಸಲು ವಿದ್ಯುತ್ತನ್ನು ಕಡಿದು ಜೋಡಿಸುವ ಸ್ವಿಚ್ಚು) ಕೆರೆಯುವ ಕಾಟ ತಪ್ಪುತ್ತದೆ, ಅರ್ಧ ಗಂಟೆಯಲ್ಲಿ ಹಳೆಯ ಪಾಯಿಂಟ್ ಮರಳಿ ಕೂರಿಸಬಹುದು. ಟೈರಿನ ವಿಷಯದಲ್ಲಿ ಇನ್ನೂ ದೊಡ್ಡ ಲಾಭ. ಈ ಕಾರು ಕೆಂಪು ಗೆರೆಯ, ಬಯಸ್ ಪ್ಲೈ ಎಂಬ ಹಳೆಯ ಬಗೆಯ ಟೈರಿನಲ್ಲಿ ಬಂದಿತ್ತು. ಅವು ರಸ್ತೆಯ ಪ್ರತಿ ಗೀರನ್ನೂ ಹಿಡಿದು ಕಾರನ್ನು ಅತ್ತಿತ್ತ ಎಳೆಯುತ್ತವೆ. ಅದೇ ಕೆಂಪು ಗೆರೆಯ ರೇಡಿಯಲ್ ಟೈರುಗಳು ಈಗ ಸಿಗುತ್ತವೆ. ದುಬಾರಿಯೇ, ಆದರೆ ಹೆದ್ದಾರಿಯಲ್ಲಿ ಕಾರಿನ ಸ್ವಭಾವವೇ ಬದಲಾದಂತೆ ಅನಿಸುತ್ತದೆ.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕುವುದನ್ನೂ ನಾನು ತಪ್ಪೆನ್ನುವುದಿಲ್ಲ. 1968ರಲ್ಲಿ ಕಾರ್ಖಾನೆಯೇ ಅದನ್ನು ಆಯ್ಕೆಯಾಗಿ ಕೊಡುತ್ತಿತ್ತು, ಬೋಲ್ಟಿನಿಂದಲೇ ಕೂರುತ್ತದೆ. ಕೊಳ್ಳುವ ಮುನ್ನ ಒಂದನ್ನು ಖಚಿತಪಡಿಸಿಕೊಳ್ಳಿ: ನಿಮ್ಮ 14 ಇಂಚಿನ ಮೂಲ ಚಕ್ರ ಆ ಕ್ಯಾಲಿಪರಿನ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗದ) ಮೇಲೆ ಕೂರುತ್ತದೆಯೇ? ಇಲ್ಲದಿದ್ದರೆ ಬ್ರೇಕಿಗಾಗಿ ಚಕ್ರ, ಚಕ್ರಕ್ಕಾಗಿ ಟೈರ್ ಎಂದು ಖರ್ಚು ಬೆಳೆದು ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಮಕ್ಕಳನ್ನು ಕೂರಿಸುವವರು ಸೀಟ್ ಬೆಲ್ಟ್ ನೋಡಿ. ಅಮೆರಿಕದಲ್ಲಿ ಮುಂದಿನ ಸೀಟಿಗೆ ಭುಜದ ಬೆಲ್ಟ್ ಕಡ್ಡಾಯವಾದದ್ದು 1968ರ ಜನವರಿ 1ರಿಂದ. ಅದೇ ಮಾದರಿಯ, 1967ರ ಕೊನೆಯಲ್ಲಿ ತಯಾರಾದ ಕಾರಿನಲ್ಲಿ ಸೊಂಟದ ಬೆಲ್ಟ್ ಮಾತ್ರ ಇದ್ದರೆ ಆಶ್ಚರ್ಯವಿಲ್ಲ.

ಗೆರೆಯಾಚೆ ನಿಲ್ಲುವುದು ಫ್ಯುಯಲ್ ಇಂಜೆಕ್ಷನ್ ಮತ್ತು ಹೊರಗಿನಿಂದ ತಂದು ಹಾಕುವ ಎಸಿ. ಮೊದಲನೆಯದಕ್ಕೆ ಟ್ಯಾಂಕಿನೊಳಗೆ ಪಂಪು, ಮರಳುವ ಪೈಪು, ಎಕ್ಸಾಸ್ಟಿನಲ್ಲಿ ಸೆನ್ಸರಿಗೆ ತೂತು ಬೇಕಾಗುತ್ತದೆ. ಎರಡನೆಯದಕ್ಕೆ ಫೈರ್‌ವಾಲ್ ಕೊರೆಯಬೇಕು. ಬೇರೆ ಕಾರಿಗೆ ಇವು ಸೊಗಸಾದ ಕೆಲಸಗಳೇ. ಎಂಜಿನ್ ಬದಲಾಗಿ, ಬಣ್ಣ ಹೋಗಿ, ಈಗಾಗಲೇ ಎರಡು ಕೈ ದಾಟಿದ ಜಿಟಿಒಗೆ ಧಾರಾಳವಾಗಿ ಮಾಡಿಸಿ. ಯಾರೂ ಮುಟ್ಟದ ಕಾರಿಗೆ ಬೇಡ.

ನಾಲ್ಕನೆಯ ದಾರಿ: ಪೂರ್ಣ ಜೀರ್ಣೋದ್ಧಾರ

ಕೊನೆಯ ಬೋಲ್ಟಿನವರೆಗೆ ಬಿಚ್ಚಿ, ಮೈಯ ಬಣ್ಣ ಕೆರೆದು, ಹೊಸದಾಗಿ ಕಟ್ಟುವುದು. ಹತ್ತಾರು ಸಾವಿರ ಡಾಲರಿನ, ವರ್ಷಗಳ ಕೆಲಸ. ಹಾಕಿದ ಹಣ ಮಾರುವಾಗ ಮರಳುತ್ತದೆಂದು ನಂಬಿ ಇಳಿಯಬೇಡಿ. ಇದನ್ನು ನಾನು ಕೊನೆಗಿಟ್ಟದ್ದು ಕೀಳೆಂದಲ್ಲ. ಜೀರ್ಣವಾದದ್ದಕ್ಕೆ ಉದ್ಧಾರ ಬೇಕೇ ಬೇಕು. ಚಾಸಿಗೆ ಸುತ್ತಿಗೆಯ ತುದಿ ತಾಗಿಸಿದಾಗ ಹಪ್ಪಳದಂತೆ ಉದುರಿದರೆ, ಡಿಕ್ಕಿಯ ನೆಲದಲ್ಲಿ ರಸ್ತೆ ಕಂಡರೆ, ವಿನೈಲ್ ಹೊದಿಕೆಯ ಛಾವಣಿಯಡಿ ನೀರು ನಿಂತು ಹಿಂದಿನ ಗಾಜಿನ ಚೌಕಟ್ಟು ಕೊಳೆತಿದ್ದರೆ ಬೇರೆ ದಾರಿಯಿಲ್ಲ. ಆದರೆ ಅಂಥ ಕಾರು ಚೆನ್ನಾಗಿ ಉಳಿದು ಬಂದ ಕಾರಲ್ಲ. ಬಣ್ಣ ಮಾಸಿದೆ, ಕ್ರೋಮಿನ ಮೇಲೆ ಚುಕ್ಕೆ ಬಿದ್ದಿದೆ ಎಂಬಷ್ಟಕ್ಕೇ ಈ ದಾರಿ ಹಿಡಿದರೆ ಕಳೆದುಕೊಳ್ಳುವುದೇ ಹೆಚ್ಚು.

ನಡುವಿನ ಒಂದು ತೊಡಕು: ಮೂತಿಯ ಬಣ್ಣ

1968ರ ಜಿಟಿಒ ಮಾಲೀಕರಿಗೆ ಬರುವ ಸಂಕಟ ಇದು. ಎಂಡ್ಯೂರಾ ಮೂತಿ ಲೋಹವಲ್ಲ, ಬಾಗುವ ವಸ್ತು. ಅದರ ಮೇಲಿನ ಬಣ್ಣ ಕಾಲ ಕಳೆದಂತೆ ಬಿರುಕು ಬಿಡುತ್ತದೆ, ಬಾನೆಟ್ಟಿನ ಬಣ್ಣಕ್ಕಿಂತ ಬೇರೆಯಾಗಿ ಮಾಸುತ್ತದೆ. ಇಡೀ ಕಾರು ಚೆನ್ನಾಗಿದ್ದು ಮೂತಿ ಮಾತ್ರ ಕೆಟ್ಟಿದ್ದರೆ? ಸಣ್ಣ ಬಿರುಕುಗಳಾದರೆ ಬಿಡಿ ಎನ್ನುತ್ತೇನೆ. ಪದರ ಎದ್ದು ಉದುರುತ್ತಿದ್ದರೆ ಮೂತಿಯನ್ನು ಮಾತ್ರ ಬಿಚ್ಚಿ, ಬಾಗುವ ಗುಣ ಬೆರೆಸಿದ ಒಂದೇ ಪದರದ ಬಣ್ಣ ಹೊಡೆಸಿ. ಪಾರದರ್ಶಕ ಪದರ ಬೇಡ, ಅದರ ಹೊಳಪು ಲ್ಯಾಕರಿನ ಪಕ್ಕದಲ್ಲಿ ದೂರದಿಂದಲೇ ಗೊತ್ತಾಗುತ್ತದೆ. "ಫೆಂಡರಿಗೂ ಸ್ವಲ್ಪ ಹಬ್ಬಿಸಿ ಹೊಂದಿಸಿಬಿಡುತ್ತೇನೆ" ಎಂದು ಬಣ್ಣದವರು ಹೇಳುತ್ತಾರೆ. ಒಪ್ಪಬೇಡಿ. ಇವತ್ತು ಫೆಂಡರ್, ನಾಳೆ ಬಾಗಿಲು ಎಂದು ಅದು ಹಿಂದಿನ ಬಂಪರಿಗೆ ಹೋಗಿ ನಿಲ್ಲುತ್ತದೆ.

ನಿಮ್ಮ ಲೆಕ್ಕ ಯಾವುದು

ಕೈಯಲ್ಲಿ ಸಾವಿರ ಡಾಲರ್ ಮಾತ್ರ ಇದ್ದರೆ ಬ್ರೇಕ್ ಹೋಸು, ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್ ಕಿಟ್, ಆಯಿಲ್ ಇಷ್ಟಕ್ಕೆ ಹಾಕಿ. ಹೊಳಪಿಗೆ ಒಂದು ಡಾಲರೂ ಬೇಡ. ಮುಂದಿನ ವರ್ಷಕ್ಕೆ ಟೈಮಿಂಗ್ ಗೇರ್, ಅದರಾಚೆಯ ವರ್ಷಕ್ಕೆ ಟೈರ್.

ಪ್ರತಿ ಆಗಸ್ಟಿನ ಮೂರನೆಯ ಶನಿವಾರ ಡೆಟ್ರಾಯಿಟ್ ಬಳಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಯಾದ ವುಡ್‌ವರ್ಡ್ ಡ್ರೀಮ್ ಕ್ರೂಸ್‌ನಲ್ಲಿ ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ಕಾರು ಓಡಿಸಬೇಕೆಂಬ ಕನಸಿದ್ದವರು ರೇಡಿಯೇಟರಿಗೆ ಮೊದಲ ಪ್ರಾಶಸ್ತ್ಯ ಕೊಡಿ. ಬಿಸಿಲಿನಲ್ಲಿ ಆಮೆಯ ವೇಗದಲ್ಲಿ ಗಂಟೆಗಟ್ಟಲೆ ಸಾಗುವಾಗ ಎಂಜಿನ್ನಿನ ನಿಜವಾದ ಪರೀಕ್ಷೆ ಆಗುವುದು ಅಲ್ಲಿ. ಎರಡನೆಯ ದಾರಿ, ಜೊತೆಗೆ ಮೂರನೆಯದರಿಂದ ಇಗ್ನಿಷನ್ ಕಿಟ್: ಇಷ್ಟು ಸಾಕು. ಕುಟುಂಬದೊಂದಿಗೆ ದೂರ ಹೋಗುವವರು ಮೂರನೆಯ ದಾರಿಯಲ್ಲಿ ಇನ್ನೂ ಮುಂದೆ ಹೋಗಿ, ಡಿಸ್ಕ್ ಬ್ರೇಕ್, ರೇಡಿಯಲ್, ಭುಜದ ಬೆಲ್ಟ್ ಮೂರನ್ನೂ ಹಾಕಿಸಿಕೊಳ್ಳಿ. ಬಿಚ್ಚಿದ್ದೆಲ್ಲ ಪೆಟ್ಟಿಗೆಯಲ್ಲಿರಲಿ. ಎರಡು ಮೂರು ವರ್ಷದಲ್ಲಿ ಮಾರುವ ಯೋಚನೆ ಇದ್ದವರು ದಾಖಲೆ ಒಟ್ಟುಮಾಡಿ, ಬ್ರೇಕ್ ಸರಿಪಡಿಸಿ, ಮಿಕ್ಕಿದ್ದನ್ನು ಕೊಳ್ಳುವವರಿಗೆ ಬಿಡಿ. ಅಂಥ ಕಾರು ಹುಡುಕುವವರಿಗೆ ನಿಮ್ಮ ಹೊಸ ಬಣ್ಣ ಬೇಕಿರುವುದಿಲ್ಲ. ಕನ್ನಡಿಯಂತೆ ಹೊಳೆಯುವ ಕಾರೇ ನಿಮ್ಮ ಆಸೆಯಾಗಿದ್ದರೆ ಇದನ್ನು ಕೊಟ್ಟು, ಬೇರೆಯವರು ಆಗಲೇ ಹೊಸದು ಮಾಡಿಸಿದ ಜಿಟಿಒ ಒಂದನ್ನು ಕೊಳ್ಳಿ. ನಿಮಗೆ ಹಣ ಉಳಿಯುತ್ತದೆ, ಈ ಕಾರೂ ಉಳಿಯುತ್ತದೆ.

ಇನ್ನೂ ಮನಸ್ಸು ಗಟ್ಟಿಯಾಗಿಲ್ಲವೇ? ನಾಲ್ಕೂ ದಾರಿಗೆ ಸಲ್ಲುವ ಕೆಲಸಗಳನ್ನು ಈ ಚಳಿಗಾಲದಲ್ಲೇ ಮುಗಿಸಿಬಿಡಿ. ದಾಖಲೆಗೆ ಬರೆಯಿರಿ. ಕಾರಿನ ಅಡಿಯಿಂದ ಮೇಲಿನವರೆಗೆ ಫೋಟೊ ತೆಗೆಯಿರಿ. ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿ, ಪೈಪು ಹೋಸುಗಳನ್ನು ಹೊಸದು ಮಾಡಿ, ಟೈಮಿಂಗ್ ಗೇರಿನ ಕವಚ ತೆಗೆಸಿ ನೋಡಿಸಿ. ಏಪ್ರಿಲ್‌ನಲ್ಲಿ ಎರಡು ಒಳ್ಳೆಯ ಮಳೆ ಬಿದ್ದು ರಸ್ತೆಯ ಉಪ್ಪು ತೊಳೆದುಹೋದ ಮೇಲೆ ಕಾರನ್ನು ಹೊರತೆಗೆದು ಐವತ್ತು ಮೈಲಿ ಓಡಿಸಿ. ಏನು ಸೋರುತ್ತಿದೆ, ಯಾವುದು ಕಟಕಟ ಎನ್ನುತ್ತಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಕೆಲಸ ಆ ಪುಟದಿಂದ ಶುರುವಾಗಲಿ.